ಶಾನ್‌ನ ಊರಿನ ರೇಡಿಯೋ

ಮೆಲ್ಬರ್ನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಾನ್ ಐರ್ಲೆಂಡಿನವನು. ನಾವಿದ್ದ ವೆರಿಬೀ ಬಡಾವಣೆಯಿಂದ ಆಫೀಸಿಗೆ ಇಬ್ಬರೂ ನನ್ನ ಕಾರಿನಲ್ಲೇ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಅವನ ಮೊಬೈಲಿನಲ್ಲಿ ಅವನೂರಿನ ರೇಡಿಯೋ. ಅದರಲ್ಲಿ ಒಬ್ಬಾಕೆ ದಿನಾ, ಆ ಕಡೆ ತೀರಿಕೊಂಡವರ ಹೆಸರು ಓದುತ್ತಿದ್ದಳು. ಬೆಳಗಾಗೆದ್ದು ಇದೇನು ಕೇಳುತ್ತೀಯೋ ಮಾರಾಯ ಅಂದರೆ, "ಅಮ್ಮನಿಗೆ ಫೋನ್ ಮಾಡಿದಾಗ ಮಾತಿಗೆ ಏನಾದರೂ ಬೇಕಲ್ಲ" ಅನ್ನುತ್ತಿದ್ದ.

ಒಂದು ದಿನ ಆಕೆ ಯಾರೋ ಮೈಕಲ್ ಅನ್ನುವವರ ಹೆಸರು ಓದಿ, "ಮಗಳು ಅಮೆರಿಕದ ಬಾಸ್ಟನ್‌ನಲ್ಲಿ, ಮಗ ಶಾನ್ ಮೆಲ್ಬರ್ನ್‌ನಲ್ಲಿ" ಅಂದಳು. ನಾನು ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ನಿಮ್ಮಪ್ಪನಾ?"

ತಲೆಯಾಡಿಸಿದ. ರೇಡಿಯೋ ಆರಿಸಲು ಕೈ ಚಾಚಿದರೆ ತಡೆದ. "ಇರು, ಮಣ್ಣು ಎಷ್ಟು ಹೊತ್ತಿಗೆ ಅಂತ ಹೇಳ್ತಾಳೆ."

ಆಮೇಲೆ ಬಾಸ್ಟನ್‌ನ ತಂಗಿಗೆ ಫೋನ್ ಮಾಡಿದ. ಅಮ್ಮ ಹೇಳಿರುತ್ತಾಳೆ ಅಂತ ಅವಳು, ಅವಳು ಹೇಳಿರುತ್ತಾಳೆ ಅಂತ ಅಮ್ಮ, ಇಬ್ಬರೂ ಸುಮ್ಮನಿದ್ದರಂತೆ. ಇಡೀ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಇವರೆಂಥ ಜನ ಅನ್ನಿಸುತ್ತಲೇ ಇತ್ತು.

ಸಂಜೆ ಮೈಸೂರಿಗೆ ಫೋನ್ ಮಾಡಿ ಅಕ್ಕನಿಗೆ ಇದನ್ನೆಲ್ಲ ಹೇಳಿ, "ನಮ್ಮನೇಲಿ ಹಿಂಗೆಲ್ಲ ಮಾಡ್ಬೇಡಿ ಅಕ್ಕಾ" ಅಂದೆ.

"ಅಂದ್ರೆ, ದೊಡ್ಡಮ್ಮ ತೀರ್ಕೊಂಡಿದ್ದನ್ನ ಸಿಡ್ನಿಲಿರೋ ಅಣ್ಣ ನಿಂಗೆ ಹೇಳಲೇ ಇಲ್ವಾ?"

ನಮ್ಮ ಕಡೆ ಓದಿ ಹೇಳುವುದಕ್ಕೆ ರೇಡಿಯೋದವಳೂ ಇಲ್ಲ.