ನ್ಯಾಯಾಧೀಶರು ಎರಡನೆಯ ಸಲ ಕೇಳಲಿಲ್ಲ

ನಮ್ಮ ಕಡೆ ಯಾರ ಮನೆಗೆ ಹೋದರೂ, ಕಾಫಿ ಕೊಡಲು ಬಂದರೆ ಮೊದಲು ‘ಬೇಡ’ ಎನ್ನಬೇಕು. ‘ಅಯ್ಯೋ, ಅರ್ಧ ಲೋಟ’ ಎಂದರೆ ಮತ್ತೆ ‘ಬೇಡ’. ಮೂರನೆಯ ಸಲ ಕೈಗೇ ಇಟ್ಟರೆ ಕುಡಿಯಬೇಕು. ಒಂದೇ ಮಾತಿಗೆ ‘ಹೂಂ, ಕೊಡಿ’ ಎಂದವಳನ್ನು ನನ್ನಮ್ಮ ಆಸೆಬುರುಕಿ ಎನ್ನುತ್ತಿದ್ದಳು. ಈ ಸಂಸ್ಕಾರವನ್ನು ಮೈಸೂರಿನಿಂದ ದೆಹಲಿಗೆ ಹೊತ್ತು ತಂದ ನಾನು, ಮಹಾಜಾಣೆ, ಅದನ್ನು ಕೋರ್ಟಿನಲ್ಲೂ ತೋರಿಸಿದೆ.

ಮಯೂರ್ ವಿಹಾರ್‌ನಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಕೇಂದ್ರ ಸರ್ಕಾರದ ಅಧಿಕಾರಿಯಾಗಿದ್ದ ನನ್ನ ಗಂಡ ವಸಂತ್ ಕುಂಜ್‌ನಲ್ಲಿ, ಒಂಬತ್ತನೇ ಕ್ಲಾಸಿನ ಮಗಳೊಂದಿಗೆ ನಾನು ಮಯೂರ್ ವಿಹಾರ್‌ನ ಬಾಡಿಗೆ ಫ್ಲ್ಯಾಟಿನಲ್ಲಿ. ಹೀಗೆ ಬೇರೆಯಾಗಿ ವರ್ಷ ದಾಟಿತ್ತು. ನಮ್ಮ ನಡುವೆ ಜಗಳ ಮುಗಿದಿತ್ತು, ಮಾತೂ ಮುಗಿದಿತ್ತು. ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಅರ್ಜಿ ಹಾಕಿದೆವು.

ಮೊದಲ ಹೇಳಿಕೆಯ ದಿನ ನನ್ನ ವಕೀಲೆ ಪಕ್ಕದ ಕೋಣೆಯ ಕೇಸಿಗೆ ಓಡಿದ್ದಾಗಲೇ ನಮ್ಮನ್ನು ಕರೆದರು. ‘ಗುಜಾರಾ ಭತ್ತಾ ಚಾಹಿಯೇ?’ ಎಂದರು ನ್ಯಾಯಾಧೀಶರು. ಜೀವನಾಂಶ ಬೇಕೇ ಎಂದು. ನಾಲಿಗೆ ತಾನಾಗಿ ‘ನಹೀಂ ಜೀ’ ಎಂದಿತು. ಇನ್ನೊಂದು ಸಲ ಕೇಳುತ್ತಾರೆಂದು ಕಾದೆ. ಅವರು ಟೈಪಿಸ್ಟ್ ಕಡೆ ತಿರುಗಿ, ಹಿಂದಿನದು, ಈಗಿನದು, ಮುಂದಿನದು ಯಾವ ಜೀವನಾಂಶವೂ ಈಕೆಗೆ ಬೇಡ ಎಂದು ಬರೆಸಿಯೇಬಿಟ್ಟರು. ಸಹಿ ಹಾಕಿ ಹೊರಗೆ ಬಂದೆ.

ವಕೀಲೆ ಅರವತ್ತು ದಾಟಿದ ಪಂಜಾಬಿ ಹೆಂಗಸು. ನಮ್ಮ ಕಾಫಿಯ ಪುರಾಣ ಕೇಳಿ ಹಣೆ ಚಚ್ಚಿಕೊಂಡರು. ‘ಬೇಟಾ, ಯೇ ಚಾಯ್ ಹೈ ಕ್ಯಾ? ಹಕ್ ಹೈ ತುಮ್ಹಾರಾ!’ ಇದೇನು ಟೀಯೇ, ನಿನ್ನ ಹಕ್ಕು ಎಂದು ಬೈದು, ಆಮೇಲೆ ಕೂರಿಸಿಕೊಂಡು ತಿಳಿಸಿದರು. ಎರಡನೆಯ ಹೇಳಿಕೆಗೆ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಇಬ್ಬರೂ ಒಪ್ಪಿದರೆ ಷರತ್ತು ಬದಲಿಸಬಹುದು. ಗಂಡ ಒಪ್ಪದಿದ್ದರೆ ನಾನು ಒಪ್ಪಿಗೆಯನ್ನೇ ಹಿಂದೆ ಪಡೆಯಬಹುದು, ಆದರೆ ಆಮೇಲೆ ಕೇಸು ವರ್ಷಗಟ್ಟಲೆ ನಡೆಯುತ್ತದೆ. ಮಗಳ ಖರ್ಚು ಮಗಳ ಹಕ್ಕು, ಅದನ್ನು ಬಿಟ್ಟುಕೊಡಲು ನಾನು ಯಾರೂ ಅಲ್ಲ. ‘ಮೊದಲೇ ಅವನ ಹತ್ತಿರ ಮಾತಾಡು’ ಎಂದು ಸಾರಿ ಸಾರಿ ಹೇಳಿ ಕಳಿಸಿದರು.

ಮಾತಾಡಲೇಬೇಕಿತ್ತು. ಮದುವೆಯಾದಾಗ ಟೀಚರ್ ಕೆಲಸ ಬಿಟ್ಟು ಬಂದವಳು ನಾನು. ಟ್ಯೂಷನ್ ದುಡ್ಡಿನಲ್ಲಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಜೀವನಾಂಶವಿಲ್ಲದಿದ್ದರೆ ಮಗಳನ್ನು ಶಾಲೆ ಬಿಡಿಸಿ, ಮೈಸೂರಿನ ಅಣ್ಣನ ಮನೆಯಲ್ಲಿ ಹಂಗಿನ ಅನ್ನ ಉಣ್ಣಬೇಕಿತ್ತು.

ಮಗಳನ್ನು ನೋಡಲು ನನ್ನ ಗಂಡ ಭಾನುವಾರ ಹೌಜ್ ಖಾಸ್‌ನ ಕೆರೆಯ ಹತ್ತಿರ ಬರುತ್ತಿದ್ದರು. ಉಪ್ಪುಖಾರ ಹಚ್ಚಿದ ಸೀಬೆಹಣ್ಣು ಮೂರು ಪೊಟ್ಟಣ ತರುತ್ತಿದ್ದರು. ಮಗಳು ಬಾತುಕೋಳಿ ನೋಡಲು ಹೋದಾಗ ನಾವಿಬ್ಬರೂ ಬೆಂಚಿನ ಮೇಲೆ ಚಳಿಗಾಲದ ಬಿಸಿಲು ಕಾಯಿಸಿಕೊಳ್ಳುತ್ತ ಊರಿನ ಸುದ್ದಿ ಆಡಿಕೊಂಡು ನಗುತ್ತಿದ್ದೆವು. ಸಂಸಾರ ಮಾಡುವಾಗ ಇಷ್ಟು ನಕ್ಕಿರಲಿಲ್ಲ. ಆ ಸುಖ ಕೆಡುತ್ತದೆಂಬ ಹೆದರಿಕೆಗೋ ಏನೋ, ಪ್ರತಿ ವಾರವೂ ಕೇಳಬೇಕಾದ್ದನ್ನು ನುಂಗಿಕೊಂಡು ಮನೆಗೆ ಬರುತ್ತಿದ್ದೆ. ‘ಅಮ್ಮಾ, ಆಜ್ ಪೂಛಾ?’ ಎನ್ನುತ್ತಿದ್ದಳು ಮಗಳು. ಇವತ್ತು ಕೇಳಿದೆಯಾ ಎಂದು. ‘ಮುಂದಿನ ವಾರ ಕೇಳ್ತೀನಿ ಕಣೇ.’

ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅನ್ನುತ್ತಾರೆ. ನನಗೆ ಬಾಯಿ ಬಂದದ್ದು ಎರಡನೆಯ ಹೇಳಿಕೆಯ ದಿನ, ಕಟಕಟೆಯ ಮುಂದೆ. ಹಿಂದೆ ಹೇಳಿದ್ದು ಹಾಗೇ ಇರಲಿ ತಾನೆ ಎಂದು ನ್ಯಾಯಾಧೀಶರು ಕೇಳಿದರು. ‘ನಹೀಂ. ಚಾಹಿಯೇ’ ಎಂದೆ. ಇಲ್ಲ, ಬೇಕು ಎಂದು. ಗಂಡನ ವಕೀಲ ಆಕ್ಷೇಪಣೆಗೆ ಎದ್ದರು. ಇವರು ವಕೀಲರ ತೋಳು ಹಿಡಿದು ಕೂರಿಸಿ, ನನ್ನ ಕಡೆ ತಿರುಗಿ, ‘ದೂಂಗಾ’ ಎಂದರು. ಕೊಡುತ್ತೇನೆ ಎಂದು. ಮಗಳ ಓದಿಗೆ ಬೇರೆ, ನನಗೆ ಬೇರೆ ಎಂದು ಬರೆಸಿ ಇಬ್ಬರೂ ಸಹಿ ಹಾಕಿದೆವು. ವಿಚ್ಛೇದನ ಆಯಿತು.

ಹೊರಗೆ ವರಾಂಡದಲ್ಲಿ ಅವರು ಕನ್ನಡಕ ಒರೆಸುತ್ತ, ‘ಹದಿನಾರು ವರ್ಷದಲ್ಲಿ ನೀನು ಏನಾದ್ರೂ ಬೇಕು ಅಂದಿದ್ದು ಇವತ್ತೇ ಮೊದಲು’ ಎಂದರು.

‘ಜ್ವರ ಬಂದಾಗೆಲ್ಲ, ಇವತ್ತು ಆಫೀಸಿಗೆ ಹೋಗ್ಬೇಡಿ, ನನ್ ಹತ್ರ ಇರಿ ಅನ್ನಬೇಕು ಅನ್ನಿಸ್ತಿತ್ತು ರೀ’ ಎಂದೆ.

ಅವರು ಗಂಡನಲ್ಲದವರಾಗಿ ಆಗಲೇ ಹತ್ತು ನಿಮಿಷವಾಗಿತ್ತು.