ಹಾರನ್ ಒತ್ತದ ಬಸ್ಸು

ಗುರುಸ್ವಾಮಿ ಮೈಸೂರಿನಲ್ಲಿ ಬಿ.ಎ. ಮುಗಿಸಿ ಊಟಿ ಬೆಟ್ಟದ ಕೆಳಗಿನ ತನ್ನೂರು ತೊರಪಳ್ಳಿಗೆ ಮರಳಿದಾಗ ಅವನ ಟ್ರಂಕಿನಲ್ಲಿ ಎರಡು ಪಂಚೆ, ಒಂದು ಕೋಟು, ಹದಿನಾಲ್ಕು ಹಳಗನ್ನಡ ಕಾವ್ಯಗಳಿದ್ದವು. ಅದು ೧೯೨೮ನೇ ಇಸವಿ. ರಾಗಿ, ಬೆಲ್ಲದ ವ್ಯಾಪಾರಿಯಾದ ಅವನ ತಂದೆ ಚೆನ್ನಯ್ಯ ಒಂದೊಂದೇ ಪುಸ್ತಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ತೂಕವೇನೋ ಚೆನ್ನಾಗಿಯೇ ಇದೆ ಎಂದರು.

ಊಟಿಯ ಕಚೇರಿಗಳಲ್ಲಿ ಗುಮಾಸ್ತನಾಗಲು ತಮಿಳು ಬರೆಯಬೇಕಿತ್ತು. ಅವನಿಗೆ ಮಾತಾಡಲು ಮಾತ್ರ ಬರುತ್ತಿತ್ತು. ಮೂರು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ, ತಂದೆಯ ಪರಿಚಯದ ಕೂನೂರಿನ ಮಹಾಲಿಂಗಂ ಅವನನ್ನು ತಮ್ಮ ಬಸ್ಸಿನಲ್ಲಿ ಟಿಕೆಟ್ಟು ಹರಿಯಲು ಕರೆದರು. ದೊಡ್ಡಕೊಂಬೆ ಎಂಬ ಬಡಗರ ಹಟ್ಟಿಯಿಂದ ಊಟಿಯ ರೈಲು ನಿಲ್ದಾಣಕ್ಕೆ ಹೊಸದಾಗಿ ಬಿಟ್ಟ ಬಸ್ಸು ಅದು. ದಿನವೂ ಮುಕ್ಕಾಲು ಖಾಲಿ ಓಡುತ್ತಿತ್ತು.

"ಎರಡು ತಿಂಗಳು ನೋಡ್ತೀನಿ, ತಂಬಿ," ಎಂದಿದ್ದರು ಮಹಾಲಿಂಗಂ. "ತುಂಬದಿದ್ರೆ ಬಸ್ಸು ಮಾರಿಬಿಡ್ತೀನಿ. ನೀನು ಹೋಗಿ ಅಪ್ಪನ ಬೆಲ್ಲದ ಮೂಟೆ ಮೇಲೆ ಕೂತ್ಕೋ."

ಗುರುಸ್ವಾಮಿಗೆ ಆ ಮೂಟೆ ಬೇಡವಾಗಿತ್ತು. ಬೆಟ್ಟದ ಬೆಳಗು, ತಿರುವಿನಲ್ಲಿ ಕಣಿವೆಯಿಂದ ಮೇಲೇಳುವ ಮಂಜು, ಮುಂದಿನ ಸೀಟಿನ ಚಳಿ, ಇವೆಲ್ಲ ಒಂದೇ ವಾರದಲ್ಲಿ ಅವನಿಗೆ ಅಂಟಿಕೊಂಡಿದ್ದವು.

ಹಟ್ಟಿಯವರು ಊಟಿಗೆ ಹೋಗದವರೇನಲ್ಲ. ಬಿಳಿ ಬಟ್ಟೆ ಹೊದ್ದ ಹೆಂಗಸರು, ಆಲೂಗಡ್ಡೆ ಮೂಟೆ ಹೊತ್ತ ಗಂಡಸರು ರಸ್ತೆಯ ಅಂಚಿನಲ್ಲೇ ನಡೆದು ಹೋಗುತ್ತಿದ್ದರು. ಬಸ್ಸು ಪಕ್ಕದಲ್ಲಿ ಹಾದುಹೋದರೂ ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ಕಾಲು ಗಟ್ಟಿ, ಬುದ್ಧಿ ಮೆತ್ತಗೆ ಎಂದು ಡ್ರೈವರ್ ಕೃಷ್ಣನ್ ನಗುತ್ತಿದ್ದ. ಅವನು ಗೂಡಲೂರಿನವನು. ಹಾರನ್ ಒತ್ತುವುದೆಂದರೆ ಅವನಿಗೆ ಚೆಂಡೆ ಬಾರಿಸಿದಷ್ಟು ಖುಷಿ.

ಒಂದು ಭಾನುವಾರ ಗುರುಸ್ವಾಮಿ ಅವರ ಜೊತೆಗೇ ನಡೆದ. ಎರಡನೇ ಮೈಲಿಯಲ್ಲಿ ಸಂಗತಿ ತಿಳಿಯಿತು. ಬಸ್ಸು ಬಂದ ಮೊದಲ ವಾರ, ಗುರುಸ್ವಾಮಿ ಕೆಲಸಕ್ಕೆ ಸೇರುವ ಮುಂಚೆ, ಹಟ್ಟಿಯ ಹಿರಿಯಜ್ಜಿ ನಂಜಿಯ ಮೊಮ್ಮಗಳು ಚಿನ್ನಿ ಗಂಡನ ಮನೆಗೆ ಹೊರಟಿದ್ದಳು. ಹಟ್ಟಿಯಿಂದ ಹೊರಡುವವರು ಹಿರಿಯರ ಮುಂದೆ ತಲೆ ಬಗ್ಗಿಸಬೇಕು. ಹಿರಿಯರು ತಲೆ ಮುಟ್ಟಿ, ಮನೆ, ಮಕ್ಕಳು, ಎಮ್ಮೆ, ಹೊಲ ಎಲ್ಲವನ್ನೂ ಹೆಸರಿಟ್ಟು ಹರಸಬೇಕು. ಅಜ್ಜಿ ಇನ್ನೂ ಎಮ್ಮೆಗಳ ತನಕ ಬಂದಿದ್ದಳಷ್ಟೆ, ಕೃಷ್ಣನ್ ಮೂರು ಸಲ ಹಾರನ್ ಒತ್ತಿದ. ಹುಡುಗಿ ಬೆದರಿ ತಲೆ ಎತ್ತಿಬಿಟ್ಟಳು. ಹರಕೆ ಅರ್ಧಕ್ಕೆ ನಿಂತಿತು. ಚಿನ್ನಿ ಮರುದಿನ ನಡೆದುಕೊಂಡೇ ಹೋದಳು. ಆಮೇಲೆ ಹಟ್ಟಿಯಿಂದ ಯಾರೂ ಬಸ್ಸು ಹತ್ತಲಿಲ್ಲ.

ಗುರುಸ್ವಾಮಿಗೆ ತನ್ನ ತರಗತಿ ನೆನಪಾಯಿತು. ಕಾವ್ಯಗಳಲ್ಲಿ ರಾಜ ಯುದ್ಧಕ್ಕೆ ಹೊರಡುವ ಮುಂಚೆ ತಾಯಿಯಿಂದ ಬೀಳ್ಕೊಳ್ಳುವುದಕ್ಕೇ ಇಪ್ಪತ್ತು ಪದ್ಯ ಹಿಡಿಯುತ್ತಿತ್ತು. ಗೆಳೆಯರು ಆಕಳಿಸುತ್ತಿದ್ದರು. ಇವನು ಮಾತ್ರ ಒಂದು ಪದ್ಯವನ್ನೂ ಬಿಡದೆ ಓದಿದ್ದ. ಅಷ್ಟು ದೊಡ್ಡ ಸೈನ್ಯವೇ ಕಾದು ನಿಂತಿರುವಾಗ ಒಂದು ಬಸ್ಸು ಕಾಯಬಾರದೇ?

ಆದರೆ ಊಟಿಯಲ್ಲಿ ಬಸ್ಸಿನವರು ಹಿಡಿಯಬೇಕಾದ ಏಳೂವರೆಯ ರೈಲು ಕಾಯುವುದಿಲ್ಲ. ಹೀಗಾಗಿ ಅವನು ನಂಜಿಯಜ್ಜಿಯ ಅಂಗಳಕ್ಕೆ ಹೋಗಿ, ಪೇಟ ತೆಗೆದು ತಲೆ ಬಗ್ಗಿಸಿದ. ಅಜ್ಜಿ ಅವನ ಮನೆಯಲ್ಲಿ ಎಮ್ಮೆಗಳು ಎಷ್ಟು ಎಂದು ಕೇಳಿದಳು. ಇಲ್ಲ, ಬೆಲ್ಲ ಇದೆ ಎಂದ. ಅವಳು ಬೆಲ್ಲವನ್ನೂ ಸೇರಿಸಿ ಹರಸಿದಳು. ಪೂರ್ತಿ ಆದ ಮೇಲೆ ಅವನು, ಹಟ್ಟಿಯವರು ಅಜ್ಜಿಯನ್ನು ಕರೆಯುವಂತೆಯೇ, ಹೆತ್ತೆ, ಬಸ್ಸು ಯಾವಾಗ ಬರಲಿ ಎಂದು ಕೇಳಿದ.

"ಹಾಲು ಕರೆದು ಎಮ್ಮೆ ಹೊರಗೆ ಬಿಟ್ಟಾಗ ಬಾ, ಕೂಸೇ," ಎಂದಳು ಅಜ್ಜಿ. "ಬಂದು ಸುಮ್ಮನೆ ನಿಲ್ಲು. ಅದನ್ನ ಕೂಗಿಸಬೇಡ."

ಮರುದಿನದಿಂದ ಬಸ್ಸು ಅರ್ಧ ಗಂಟೆ ಮುಂಚೆ ಬಂದು ಎಂಜಿನ್ ನಿಲ್ಲಿಸಿ ನಿಂತಿತು. ಆ ಚಳಿಯಲ್ಲಿ ಬೇಗ ಏಳಬೇಕಾಯಿತೆಂದು ಮುನಿದು ಕೃಷ್ಣನ್ ಮೂರು ದಿನ ಮಾತು ಬಿಟ್ಟ. ಗುರುಸ್ವಾಮಿ ಹಾರನ್ನಿನ ರಬ್ಬರ್ ಚೆಂಡನ್ನು ಬಿಚ್ಚಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಿದ್ದ. ಮೊದಲ ವಾರ ಇಬ್ಬರು ಹತ್ತಿದರು. ಮೂರನೇ ವಾರ ಒಂಬತ್ತು ಜನ.

ಎರಡು ತಿಂಗಳ ಕೊನೆಯ ದಿನ ಮಹಾಲಿಂಗಂ ತಾವೇ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಸರಪಳಿಯ ಗಡಿಯಾರ ಹಿಡಿದು. ಬಸ್ಸು ಹಟ್ಟಿಯಲ್ಲಿ ಸದ್ದಿಲ್ಲದೆ ನಿಂತಿತು. ಹತ್ತು ನಿಮಿಷ ಕಳೆಯಿತು. ಅಂಗಳದಲ್ಲಿ ಜನ ಸಾಲಾಗಿ ತಲೆ ಬಗ್ಗಿಸುತ್ತಿದ್ದರು. ಯಾಕೆ ಹೊರಡುತ್ತಿಲ್ಲ ಎಂದು ಮಹಾಲಿಂಗಂ ಕೆಳಗಿಳಿದು ಬಂದರು. ನಂಜಿಯಜ್ಜಿ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ನೀನೂ ಹೊರಟವನೇ ಅಲ್ಲವಾ? ಟೋಪಿ ತೆಗಿ."

ಮಹಾಲಿಂಗಂ ಗಡಿಯಾರ ನೋಡಿದರು, ಗುರುಸ್ವಾಮಿಯನ್ನು ನೋಡಿದರು, ಟೋಪಿ ತೆಗೆದರು. ಅವರಿಗೆ ಮಕ್ಕಳು ಆರು. ಹರಕೆ ಸ್ವಲ್ಪ ಉದ್ದವೇ ಆಯಿತು.

ಅವರು ತಿರುಗುವಷ್ಟರಲ್ಲಿ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮಾಲೀಕರು ಊಟಿಯ ತನಕ ಆಲೂಗಡ್ಡೆ ಮೂಟೆಯ ಮೇಲೆ ಕುಳಿತು ಬಂದರು. ರೈಲು ಸಿಕ್ಕಿತು. ನಿಲ್ದಾಣದಲ್ಲಿ ಪಂಚೆಯ ಮಣ್ಣು ಕೊಡವುತ್ತಾ, ಎರಡನೇ ಬಸ್ಸು ತಂದರೆ ಪಾಲುದಾರನಾಗುತ್ತೀಯಾ ಎಂದು ಕೇಳಿದರು. ಗುರುಸ್ವಾಮಿ ಹೂಂ ಎಂದ.

೧೯೩೬ರ ಹೊತ್ತಿಗೆ ಗುರುಸ್ವಾಮಿಯವರ ಐದು ಬಸ್ಸುಗಳು ಹಟ್ಟಿಗಳಿಗೆ ಓಡುತ್ತಿದ್ದವು. ಪ್ರತಿ ಹಟ್ಟಿಯ ಹೊತ್ತನ್ನೂ ಅಲ್ಲಿನ ಅಜ್ಜಿಯರನ್ನು ಕೇಳಿಯೇ ಗೊತ್ತುಮಾಡಿದ್ದರು. ಬೆಲ್ಲವೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಚೆನ್ನಯ್ಯ ಪುಸ್ತಕಗಳ ತೂಕದ ಮಾತು ಎತ್ತುವುದನ್ನು ಬಿಟ್ಟಿದ್ದರು.

ನಂಜಿಯಜ್ಜಿ ಮಾತ್ರ ಕೊನೆಯವರೆಗೂ ಬಸ್ಸು ಹತ್ತಲಿಲ್ಲ. ಒಮ್ಮೆ ಊಟಿ ನೋಡಿ ಬರೋಣ, ಮುಂದಿನ ಸೀಟು ನಿಮ್ಮದೇ ಎಂದು ಗುರುಸ್ವಾಮಿ ಬಹಳ ಒತ್ತಾಯಿಸಿದರು. ಅಜ್ಜಿ ಎಮ್ಮೆಗಳ ಕಡೆ ನೋಡುತ್ತಾ ನಕ್ಕಳು.

"ನಾನೂ ಹತ್ತಿಬಿಟ್ಟರೆ, ಕೂಸೇ, ನಿಮ್ಮ ತಲೆ ಮುಟ್ಟೋಕೆ ಇಲ್ಲಿ ಯಾರಿರ್ತಾರೆ?"