ಗಬ್ಬು ನಾರುವ ತೋಫು

ಆ ಜ್ವರ ಬಂದು ಹೋಗುವಾಗ ನನ್ನ ಮೂಗನ್ನೂ ಹೊತ್ತುಕೊಂಡು ಹೋಯಿತು. ಎರಡು ವರ್ಷ ಯಾವ ವಾಸನೆಯೂ ಇಲ್ಲ. ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತಿತ್ತು, ಅಷ್ಟೇ. ಮಿಕ್ಕಿದ್ದೆಲ್ಲ ನೆನೆಸಿದ ರಟ್ಟು. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವಾಗ ಮಗಳನ್ನು ಕೂಗಿ "ಘಮ ಬಂತೇನೇ?" ಅಂತ ಕೇಳಬೇಕಿತ್ತು. ಆಮೇಲೆ ಅದೂ ಬೇಜಾರಾಗಿ ಪುಡಿ ಮಾಡುವುದನ್ನೇ ಬಿಟ್ಟೆ. "ಜೀವ ಉಳೀತಲ್ಲ, ಹೋಗಿದ್ದು ಮೂಗು ತಾನೆ" ಅಂತ ಗುರುತಿನ ಆಂಟಿಯರು ಸಮಾಧಾನ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹೋಗಿದ್ದು ಅವರ ಮೂಗಲ್ಲವಲ್ಲ.

ಹೋದ ಬೇಸಿಗೆಯ ಒಂದು ಶನಿವಾರ ಮಗಳು ನನ್ನನ್ನೂ ಅವರಪ್ಪನನ್ನೂ ಹೊರಡಿಸಿದಳು. ನಮ್ಮೂರು ಮೆಟುಚೆನ್‌ನಲ್ಲಿ ಟ್ರೇನ್ ಹತ್ತಿ, ಮ್ಯಾನ್‌ಹ್ಯಾಟನ್‌ನಲ್ಲಿ ಇಳಿದು, ಸಬ್‌ವೇಯ ಕೊನೇ ಸ್ಟಾಪು ಫ್ಲಶಿಂಗ್. ಅಲ್ಲೊಂದು ನೆಲಮಾಳಿಗೆಯಲ್ಲಿ ತೈವಾನಿನವರ ತಿಂಡಿ ಅಂಗಡಿಗಳ ಸಾಲು. ತೈವಾನಿನವರಿಗೆ ತಿಂಡಿ ಅಂದರೆ ಹಲ್ಲಿಗೆ ಪುಟಿಯಬೇಕು ಅಂತ ಅವಳ ರೂಮ್‌ಮೇಟ್ ಹೇಳಿದ್ದಳಂತೆ. "ಯೂ ಡೋಂಟ್ ನೀಡ್ ಎ ನೋಸ್ ಫಾರ್ ದಿಸ್, ಅಮ್ಮಾ" ಅಂದಳು.

ಸುಳ್ಳಲ್ಲ. ಟೀ ಒಳಗಿನ ದಪ್ಪ ಸಬ್ಬಕ್ಕಿಯಂಥ ಉಂಡೆಗಳು ಹಲ್ಲಿಗೆ ಒಳ್ಳೇ ಕೆಲಸ ಕೊಟ್ಟವು. ಗೆಣಸಿನ ಉಂಡೆಗಳನ್ನು ಎಣ್ಣೆಯಲ್ಲಿ ಒತ್ತಿ ಒತ್ತಿ ಉಬ್ಬಿಸಿದ್ದರು. ಮೇಲೆ ಗರಿಗರಿ, ಒಳಗೆ ಬರೀ ಗಾಳಿ. ಎಷ್ಟೋ ದಿನದ ಮೇಲೆ ಬೇಕು ಅಂತ ಕೇಳಿ ತಿಂದೆ.

ಅಷ್ಟರಲ್ಲಿ ನಮ್ಮನೆಯವರು ಮೂಗಿಗೆ ಕರ್ಚೀಫು ಹಿಡಿದು ಮೆಟ್ಟಿಲ ಕಡೆ ಓಡಿದರು. ಮೂಲೆಯ ಅಂಗಡಿಯಲ್ಲಿ ಹುಳಿಬರಿಸಿದ ತೋಫು, ಅದೇ ಸೋಯಾ ಪನೀರು, ಕರಿಯುತ್ತಿದ್ದರು, ಅದರ ಹೆಸರಲ್ಲೇ ನಾತ ಇದೆಯಂತೆ. ಮಗಳೂ ಮುಖ ಕಿವುಚಿದಳು. ನನಗೇನಾಗಬೇಕು? ಮೂಗಿದ್ದವರು ಪಾಡು ಪಡಲಿ ಅಂತ ಒಂದು ತಟ್ಟೆ ತಗೊಂಡು, ಹುಳಿ ಕೋಸಿನ ಜೊತೆ ಅವಳ ಕಣ್ಣೆದುರೇ ಕೂತು ತಿಂದೆ.

ಮೊದಲನೇ ತುಂಡು ಬರೀ ಗರಿಗರಿ. ಎರಡನೆಯದನ್ನು ನುಂಗುವಾಗ ಗಂಟಲ ಹಿಂದಿನಿಂದ ಏನೋ ಮೇಲಕ್ಕೆ ಹತ್ತಿತು. ಕಟ್ಟಿಕೊಂಡ ಮೋರಿಯ ಹಾಗೆ.

"ಥೂ, ಎಂಥಾ ಗಬ್ಬು" ಅಂದೆ.

"ದೆನ್ ಡೋಂಟ್ ಈಟ್ ಇಟ್" ಅಂದ ಮಗಳು ಹಾಗೇ ನಿಂತುಬಿಟ್ಟಳು. "ಅಮ್ಮಾ, ಯೂ ಕ್ಯಾನ್ ಸ್ಮೆಲ್ ಇಟ್?"

ಅಷ್ಟು ಜನರ ಮಧ್ಯೆ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಮಾವಿನಹಣ್ಣಿನ ಐಸಿಗೆ ಮೂಗು ಒಡ್ಡಿದೆ, ಏನೂ ಇಲ್ಲ. ತೋಫುವಿಗೆ ಬಗ್ಗಿದೆ, ಇತ್ತು. ಆದರೆ ಇಲ್ಲದ ವಾಸನೆ ಬಂದಂತೆ ಅನ್ನಿಸುವುದೂ ಉಂಟು ಅಂತ ಡಾಕ್ಟರು ಎಚ್ಚರಿಸಿದ್ದರು. ಅದು ನೆನಪಾಗಿ "ಅಪ್ಪನ್ನ ಕರಕೊಂಡು ಬಾ" ಅಂದೆ.

ಮಗಳು ಹೋಗಿ ಅವರಪ್ಪನನ್ನು ಎಳೆದುಕೊಂಡು ಬಂದಳು. ಅವರು ಕರ್ಚೀಫು ಜೇಬಿಗೆ ಹಾಕಿಕೊಂಡು ನನ್ನ ಪಕ್ಕ ಕೂತರು.

"ಇದು ಎಂಥ ವಾಸನೆ ಅಂತ ಸರಿಯಾಗಿ ಹೇಳಿ" ಅಂದೆ. "ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡಿ."

ಅವರು ತಟ್ಟೆಗೆ ಬಗ್ಗಿ ಉಸಿರೆಳೆದುಕೊಂಡರು. ಕಣ್ಣಲ್ಲಿ ನೀರು ಬಂತು.

"ಮೋರಿ ಕಣೇ" ಅಂದರು. "ಅಪ್ಪಟ ಮೋರಿ."

ಮೋರಿ ಅನ್ನುವ ಮಾತನ್ನು ನಾನು ಇನ್ನೂ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.